ಬಂದೂಕು ಮಾರಿದ ನಾಗಮ್ಮ

ನಾನು ಈ ಜನ್ಮದಲ್ಲಿ ಒಂದು ಗುಂಡೂ ಹಾರಿಸಿದವಳಲ್ಲ. ದೀಪಾವಳಿಯ ಪಟಾಕಿಗೂ ಕಿವಿ ಮುಚ್ಚಿಕೊಂಡು ಒಳಗೆ ಓಡುವ ಹೆಂಗಸು. ಆದರೂ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಕಚೇರಿಗಳಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರು ಕಡಿಮೆ. ‘ಬಂದೂಕ ಅಕ್ಕೋರು’ ಅಂದರೆ ಜವಾನನಿಂದ ಹಿಡಿದು ಸಾಹೇಬರವರೆಗೆ ಎಲ್ಲರಿಗೂ ಗೊತ್ತಿತ್ತು. ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ನಿಂತಾಗ ಹಿಂದಿನಿಂದ ಯಾರೋ ‘ಬಂದೂಕ ಅಕ್ಕೋರ, ಶರಣ್ರೀ’ ಅಂದರೆ, ಪಕ್ಕದಲ್ಲಿ ನಿಂತವರು ಎರಡು ಹೆಜ್ಜೆ ಸರಿದು ನಿಲ್ಲುತ್ತಿದ್ದರು.

ನಾನು ಕೆಲಸಕ್ಕೆ ಸೇರಿದಾಗ ಇನ್ನೂ ಮೈಸೂರು ರಾಜ್ಯ. ಕಚೇರಿಯಲ್ಲಿ ಹೆಂಗಸು ಅಂದರೆ ನಾನೊಬ್ಬಳೇ. ಜಮೀನಿನ ಟೇಬಲ್ಲಿಗೆ ಗಂಡಸರು ಮುಗಿಬೀಳುತ್ತಿದ್ದರು. ಆಯುಧ ಲೈಸೆನ್ಸಿನ ಟೇಬಲ್ಲು ಮಾತ್ರ ಯಾರಿಗೂ ಬೇಡ. ಅದರಲ್ಲಿ ಜವಾಬ್ದಾರಿ ಬೆಟ್ಟದಷ್ಟು, ಬರುವವರು ವರ್ಷಕ್ಕೆ ಬೆರಳೆಣಿಕೆಯ ಜನ. ಹೊಸ ಸೊಸೆಗೆ ಹೊಗೆ ಒಲೆ ಕೊಟ್ಟಂತೆ ಅದನ್ನು ನನ್ನ ಮುಂದೆ ತಳ್ಳಿದರು. ಆಮೇಲೆ ಯಾವ ಊರಿಗೆ ವರ್ಗವಾಗಿ ಹೋದರೂ ‘ಬಂದೂಕಿನ ಕೆಲಸ ಬಲ್ಲವರು ಬಂದರು’ ಎಂದು ಅದೇ ಟೇಬಲ್ಲು ಕಾದು ಕುಳಿತಿರುತ್ತಿತ್ತು. ಈಗ ಕೆಲಸಕ್ಕೆ ಸೇರುತ್ತಿರುವ ಮಕ್ಕಳು ಒಮ್ಮೊಮ್ಮೆ ಮನೆಗೆ ಬಂದು ಆ ಕೆಲಸ ಹೇಗಿತ್ತು ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತಪ್ಪುಗಳ ಮಾತು ಬಂದಾಗ ಯಾವ ಕಚೇರಿ ಎಂದು ಮಾತ್ರ ಹೇಳುವುದಿಲ್ಲ. ಅಲ್ಲಿದ್ದವರಿಗೂ ಮೊಮ್ಮಕ್ಕಳಿದ್ದಾರೆ.

ನನಗೆ ಕೆಲಸ ಕಲಿಸಿದವರು ಶಿರಸ್ತೇದಾರ ಗುರುಪಾದಪ್ಪನವರು. ನಿಜಾಮರ ಕಾಲದಲ್ಲಿ ಉರ್ದು ಓದಿದವರು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬಾಯಲ್ಲಿ ಸದಾ ಅಡಿಕೆ ಚೂರು. ಹಳೆಯ ಲೈಸೆನ್ಸುಗಳೆಲ್ಲ ಉರ್ದುವಿನಲ್ಲಿದ್ದ ಕಾರಣ ಅವರಿಲ್ಲದೆ ನನ್ನ ಟೇಬಲ್ಲು ಕುರುಡು. ಮೊದಲ ಸಲ ಒಬ್ಬ ರೈತ ತಂದ ಜೋಡುನಳಿಗೆಯ ಬಂದೂಕನ್ನು ನನ್ನೆದುರು ಇಟ್ಟಾಗ ನಾನು ಕುರ್ಚಿ ಹಿಂದಕ್ಕೆ ಎಳೆದುಕೊಂಡೆ. ಅವರು ನಕ್ಕರು.

“ತಂಗಿ, ಮೊದಲ ನಳಿ ಮಡಚಿ ತಗದು ಒಳಗ ಖಾಲಿ ಅದಯೋ ಇಲ್ಲೋ ನೋಡಸು. ಆಮ್ಯಾಲ ಬಂದೂಕಕ್ಕ ಅಂಜಬ್ಯಾಡ, ಅದರ ನಂಬರಕ್ಕ ಅಂಜು.”

ಅವರ ಮಾತಿನ ಅರ್ಥ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ರಾವೂರಿನ ಒಬ್ಬ ರೈತ ತನ್ನ ಬಂದೂಕನ್ನು ವಾಡಿಯ ಅಂಗಡಿಕಾರನೊಬ್ಬನಿಗೆ ಮಾರಲು ಬಂದ. ಇಬ್ಬರೂ ಸಾಚಾ ಜನ, ಇಬ್ಬರ ಲೈಸೆನ್ಸೂ ಸರಿ. ಆದರೆ ರೈತನ ಪುಸ್ತಕದಲ್ಲಿದ್ದ ನಂಬರಿಗೂ ಕಬ್ಬಿಣದ ಮೇಲಿದ್ದ ನಂಬರಿಗೂ ಒಂದು ಅಂಕಿ ಕೂಡಲಿಲ್ಲ. ತುಕ್ಕು ಅಂದುಕೊಂಡು ಚಿಮಣಿ ಎಣ್ಣೆ ಹಚ್ಚಿ ತಿಕ್ಕಿದೆ. ಅಂಕಿ ಇನ್ನೂ ಚೊಕ್ಕಟವಾಗಿ, ಬೇರೆಯಾಗಿಯೇ ಕಂಡಿತು. ವರ್ಷ ವರ್ಷ ನವೀಕರಣ ಮಾಡಿದವರೆಲ್ಲ ಹಳೆಯ ಕಾಗದ ನೋಡಿ ಹೊಸ ಕಾಗದ ಬರೆದಿದ್ದರು. ಕಬ್ಬಿಣವನ್ನು ಒಬ್ಬರೂ ಓದಿರಲಿಲ್ಲ. ಆ ಒಂದು ಅಂಕಿ ತಿದ್ದಿಸಲು ಪಾಪ ಆ ರೈತ ಗುಲಬರ್ಗಾದ ಡಿ.ಸಿ. ಕಚೇರಿಗೆ ಎಷ್ಟು ಸಲ ಅಲೆದನೋ ದೇವರಿಗೇ ಗೊತ್ತು. ಅಂದಿನಿಂದ ನನ್ನ ಡ್ರಾವರಿನಲ್ಲಿ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಬಾಟಲಿ ಚಿಮಣಿ ಎಣ್ಣೆ ಕಾಯಂ ಆದವು. ಹೊಸಬರು ನೋಡಿ ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಬಂದೂಕಿನ ಖಾಸಗಿ ಮಾರಾಟದಲ್ಲಿ ಎಲ್ಲಕ್ಕಿಂತ ದೊಡ್ಡದು ಕ್ರಮ. ಕೊಳ್ಳುವವನ ಕೈಯಲ್ಲಿ ಮೊದಲೇ ಲೈಸೆನ್ಸು ಇರಬೇಕು, ಇಂಥ ಬಗೆಯ ಬಂದೂಕನ್ನು ಇಂಥ ದಿನದೊಳಗೆ ಕೊಳ್ಳಬಹುದು ಎಂದು ಅದರಲ್ಲಿ ಇರಬೇಕು. ಮಾರುವವನು ಯಾರಿಗೆ ಮಾರುತ್ತೇನೆ ಎಂದು ಹೆಸರು, ವಿಳಾಸ ಸಹಿತ ಮುಂಚಿತವಾಗಿ ಬರೆದು ತಿಳಿಸಬೇಕು. ತಕರಾರಿಲ್ಲ ಎಂದಾದ ಮೇಲೆ ಇಬ್ಬರೂ ತಮ್ಮ ತಮ್ಮ ಮೂಲ ಲೈಸೆನ್ಸು ಹಿಡಿದು ಬರಬೇಕು. ನಂಬರು ಓದಿ ಒಬ್ಬರ ಪುಸ್ತಕದಿಂದ ತೆಗೆದು ಇನ್ನೊಬ್ಬರ ಪುಸ್ತಕಕ್ಕೆ ಹಚ್ಚಬೇಕು. ಮಾರಿದವನ ಬಳಿ ಬೇರೆ ಬಂದೂಕು ಇಲ್ಲದಿದ್ದರೆ ಅವನ ಪುಸ್ತಕ ಅಲ್ಲೇ ಜಮಾ ಆಗಬೇಕು. ಇಷ್ಟೆಲ್ಲ ಆದ ಮೇಲೆ ಬಂದೂಕು ಕೈ ಬದಲಿಸಬೇಕು. ಅದಕ್ಕೆ ಮುಂಚೆ ಒಂದು ಗಳಿಗೆಯೂ ಕೂಡದು.

ಹೇಳಿದರೆ ಸಲೀಸು. ಆದರೆ ನಮ್ಮ ಜನ ಹುಟ್ಟಿದಾಗಿನಿಂದ ಮಾರಿದ್ದು, ಕೊಂಡದ್ದು ಎತ್ತು. ಅವರಿಗೆ ಬಂದೂಕೂ ಒಂದು ಎತ್ತೇ.

ಶಹಾಬಾದಿನ ಕಡೆಯ ಒಬ್ಬ ರೈತ ತನ್ನ ಬಂದೂಕನ್ನು ಬೀಗನಿಗೆ ಮಾರುವ ಮಾತಾಡಿದ. ಬೀಗನ ಅರ್ಜಿ ಇನ್ನೂ ಪೊಲೀಸ್ ವರದಿಯಲ್ಲೇ ಇತ್ತು. ‘ನಾಕ್ ದಿನ ಒಯ್ದು ಹೊಡದು ನೋಡ್ರಿ, ಒಗ್ಗಿದ್ರ ಇಟ್ಕೋರಿ’ ಎಂದು ಇವನು ಕೊಟ್ಟೇಬಿಟ್ಟ. ಹೊಸ ಎತ್ತನ್ನು ನಾಲ್ಕು ದಿನ ನೇಗಿಲಿಗೆ ಕಟ್ಟಿ ನೋಡುವುದು ನಮ್ಮಲ್ಲಿ ರೂಢಿಯಲ್ಲವೇ? ಬೀಗ ಅದನ್ನು ಕೌದಿಯಲ್ಲಿ ಸುತ್ತಿ ಬಸ್ಸು ಹತ್ತಿದ. ಕಂಡಕ್ಟರು ಲಗೇಜಿನ ಟಿಕೆಟ್ಟು ಹರಿಯಲು ಕೌದಿ ಮುಟ್ಟಿ ನೋಡಿದರೆ ಒಳಗೆ ಗಟ್ಟಿ ಕಬ್ಬಿಣ. ಮುಂದಿನ ಸ್ಟಾಪಿನಲ್ಲಿ ಪೊಲೀಸರು ಹತ್ತಿದರು. ಬಂದೂಕು ಜಪ್ತು, ಕೊಟ್ಟವನ ಮೇಲೂ ಒಯ್ದವನ ಮೇಲೂ ಕೇಸು. ಕೋರ್ಟಿನ ಕಟ್ಟೆಯ ಮೇಲೆ ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂಡುತ್ತಿದ್ದರು.

“ಅಕ್ಕೋರ, ಕಟ್ಟಿ ನೋಡದ ಯಾರರ ತಗೋತಾರೇನ್ರಿ?” ಎಂದು ಮಾರಿದವನು ನನ್ನನ್ನೇ ಕೇಳಿದ. ಅವನ ಲೆಕ್ಕದಲ್ಲಿ ಅವನು ಮರ್ಯಾದೆಯಿಂದ ನಡೆದುಕೊಂಡಿದ್ದ. ಅಂದಿನಿಂದ ನಾನು ಅರ್ಜಿ ಕೈಗೆ ತೆಗೆದುಕೊಳ್ಳುವ ಮೊದಲೇ ಎದುರು ಕುಳಿತವರಿಗೆ ಕ್ರಮವನ್ನೆಲ್ಲ ಹೇಳಿ, ಅವರ ಬಾಯಿಂದ ತಿರುಗಿ ಹೇಳಿಸುತ್ತಿದ್ದೆ. ‘ಎತ್ತಲ್ಲ, ಬಂದೂಕು’ ಎಂದು ಕಡೆಗೆ ಒಂದು ಸಲ ಹೇಳಿಸುತ್ತಿದ್ದೆ. ಸಹೋದ್ಯೋಗಿಗಳು ‘ಅಕ್ಕೋರ ಸಾಲಿ ಶುರುವಾತು’ ಎಂದು ನಗುತ್ತಿದ್ದರು. ನಗಲಿ ಬಿಡಿ.

ಎತ್ತಿನ ಕಾಟ ಅಲ್ಲಿಗೆ ಮುಗಿಯಲಿಲ್ಲ. ನಾಗಮ್ಮನ ಸಂಗತಿ ಆಮೇಲಿನದು. ಅಷ್ಟರಲ್ಲಿ ರಾಜ್ಯದ ಹೆಸರು ಬದಲಾಗಿ, ಮೈಸೂರಿನ ಮೊಹರುಗಳನ್ನು ಕಟ್ಟಿಟ್ಟು ಕರ್ನಾಟಕದ ಹೊಸ ಮೊಹರು ಬಂದಿದ್ದವು.

ಚಂದ್ರಂಪಳ್ಳಿ ಕೆರೆಯ ಆಚೆ, ಕಾಡಿನ ಅಂಚಿಗೆ ಒಂದು ಸಣ್ಣ ಹಳ್ಳಿ. ಅಲ್ಲಿ ಮಾಣಿಕಪ್ಪ ಎಂಬ ರೈತನಿಗೆ ಹಂದಿ ಕಾಟದಿಂದ ಪೈರು ಉಳಿಸಿಕೊಳ್ಳಲು ಕೊಟ್ಟ ಲೈಸೆನ್ಸಿತ್ತು. ಆತ ತೀರಿಕೊಂಡ. ಮಕ್ಕಳಿರಲಿಲ್ಲ, ಹೆಂಡತಿ ನಾಗಮ್ಮ ಒಬ್ಬಳೇ ವಾರಸುದಾರಳು. ಬದುವಿಗೆ ಬದು ಹತ್ತಿದ ಹೊಲದ ಖಾಜಾಸಾಬ್ ಬುದ್ಧಿವಂತ ಮನುಷ್ಯ. ಸಾವಿನ ಮನೆಯ ಗಡಿಬಿಡಿಯಲ್ಲೂ ಮರೆಯದೆ ನಾಗಮ್ಮನಿಗೆ ತಿಳಿಸಿ, ಪೊಲೀಸ್ ಪಾಟೀಲರನ್ನು ಕರೆಸಿ, ಬಂದೂಕನ್ನು ಠಾಣೆಗೆ ಜಮಾ ಮಾಡಿಸಿ ರಸೀದಿ ತಂದಿಟ್ಟಿದ್ದ. ಲೈಸೆನ್ಸುದಾರ ಸತ್ತ ಮೇಲೆ ಬಂದೂಕು ಮನೆಯಲ್ಲಿ ಉಳಿಯಕೂಡದು ಎಂಬುದು ಎಷ್ಟೋ ಓದಿದವರಿಗೂ ಹೊಳೆಯುವುದಿಲ್ಲ. ಮುಂದೆ ಖಾಜಾಸಾಬನೇ ಅರ್ಜಿ ಹಾಕಿ ಲೈಸೆನ್ಸು ಪಡೆದ. ಆ ಬಂದೂಕನ್ನೇ ಕೊಳ್ಳುವುದೆಂದು ನಾಗಮ್ಮನ ಜೊತೆ ಮಾತಾಯಿತು. ಮಾರಾಟದ ತಿಳುವಳಿಕೆ ಪತ್ರ ಹೋಗಿ, ತಕರಾರಿಲ್ಲ ಎಂದು ಬಂತು. ನನ್ನ ಇಡೀ ಸರ್ವಿಸಿನಲ್ಲಿ ಇಷ್ಟು ಸರಳವಾಗಿ ನಡೆದ ಇನ್ನೊಂದು ಮಾರಾಟ ಇರಲಿಲ್ಲ. ಖಾಜಾಸಾಬನಿಗೆ ಎಲ್ಲ ಗೊತ್ತೆಂದು ನನ್ನ ‘ಸಾಲಿ’ಯನ್ನೂ ಬಿಟ್ಟುಬಿಟ್ಟೆ. ಅಲ್ಲಿಗೇ ನಾನು ಎಚ್ಚರಾಗಬೇಕಿತ್ತು.

ಗೊತ್ತು ಮಾಡಿದ ದಿನ ಇಬ್ಬರೂ ಬಂದರು. ಠಾಣೆಯಿಂದ ಪೇದೆ ಬಂದೂಕು ತಂದಿಟ್ಟ. ನಾಗಮ್ಮನಿಗೆ ಅರವತ್ತರ ಹತ್ತಿರ ವಯಸ್ಸು, ಕೃಶ ದೇಹ, ಇಳಕಲ್ಲ ಸೀರೆಯ ಸೆರಗು ಹಣೆಯವರೆಗೆ. ಹೇಳಿಕೆ ಬರೆದುಕೊಳ್ಳಲು ಕುಳಿತೆ.

“ಗಂಡನ ಹೆಸರು ಹೇಳ್ರಿ ಯವ್ವಾ.”

ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದು ಖಾಜಾಸಾಬನ ಕಡೆ ನೋಡಿದಳು. ಗಂಡನ ಹೆಸರು ಆಕೆಯ ಬಾಯಿಂದ ಬರುವುದಿಲ್ಲ ಎಂದು ಗೊತ್ತಿದ್ದೂ ಕೇಳುವುದು ನನ್ನ ಕೆಲಸ.

“ನಾ ಹೇಳ್ತೀನಿ ಬರಕೋರಿ. ಮಾಣಿಕಪ್ಪ” ಎಂದ ಖಾಜಾಸಾಬ್. ಆ ಹೆಸರು ಕೇಳಿ ನಾಗಮ್ಮನ ಮುಖ ಒಂದು ಕ್ಷಣ ಅರಳಿ ಮತ್ತೆ ಬಾಡಿತು.

ನಳಿಗೆ ಮಡಚಿಸಿ ಒಳಗೆ ನೋಡಿದ್ದಾಯಿತು, ಬ್ರಷ್ಷು ಹಾಕಿ ನಂಬರು ಓದಿದ್ದಾಯಿತು. ಖಾಜಾಸಾಬ್ ತನ್ನ ಹೊಸ ಪುಸ್ತಕ ಮುಂದಿಟ್ಟ. ನಾನು ನಾಗಮ್ಮನ ಕಡೆ ಕೈ ಚಾಚಿದೆ.

“ಯಜಮಾನರ ಪುಸ್ತಕ ಕೊಡ್ರಿ.”

“ಅದು ಮನ್ಯಾಗ ಅದರಿ.”

“ತರಬೇಕಿತ್ತಲ್ರಿ?”

“ಯಾಕ ತರಬೇಕ್ರಿ ಅಕ್ಕೋರ?” ಆಕೆಗೆ ನಿಜವಾಗಿಯೂ ಆಶ್ಚರ್ಯ. “ಎತ್ತ ಮಾರಿದ್ರ ಹಗ್ಗ ಕೊಡ್ತಾರೇನ್ರಿ? ಹಗ್ಗ ಮನ್ಯಾಗ ಉಳೀಬೇಕು. ಬಂದೂಕ ಕೊಡ್ತೀನಿ, ಬುಕ್ಕ ಕೊಡಂಗಿಲ್ಲ.”

ಖಾಜಾಸಾಬನೂ ತಲೆ ಹಾಕಿದ. “ಖರೇ ಅದರಿ. ನಾನೂ ಕೇಳಿಲ್ಲ. ಹಗ್ಗ ಕೇಳೋದು ಪದ್ಧತಿ ಅಲ್ರಿ.”

ಹೊರಗಿನವರಿಗೆ ಹೇಳಬೇಕಾದರೆ, ನಮ್ಮ ಕಡೆ ದನ ಮಾರಿದವರು ಅದರ ಹಗ್ಗ ಬಿಚ್ಚಿ ಇಟ್ಟುಕೊಂಡೇ ದನವನ್ನು ಒಪ್ಪಿಸುತ್ತಾರೆ. ಹಗ್ಗವೂ ಹೋದರೆ ಕೊಟ್ಟಿಗೆಯ ಏಳಿಗೆಯೇ ಹೋಯಿತು ಎಂದು ನಂಬಿಕೆ. ಕೊಳ್ಳುವವನು ತನ್ನ ಹಗ್ಗ ತನ್ನ ಹೆಗಲ ಮೇಲೆ ಹಾಕಿಕೊಂಡೇ ಬರುತ್ತಾನೆ. ಖಾಜಾಸಾಬನೂ ತನ್ನ ಪುಸ್ತಕ ತಾನು ತಂದಿದ್ದ! ಇಬ್ಬರೂ ಅಷ್ಟು ಚೊಕ್ಕವಾಗಿ ನಡೆದುಕೊಂಡಿದ್ದಕ್ಕೆ ನನಗೆ ನಗು ತಡೆಯಲಾಗಲಿಲ್ಲ. ನಾನು ನಕ್ಕದ್ದನ್ನು ಕೇಳಿ ಒಳಗಿನಿಂದ ತಹಶೀಲ್ದಾರ್ ಸಾಹೇಬರು ಹೊರಗೆ ಬಂದರು. ಅವರು ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವರು, ಆದರೆ ಕಾರಣವಿಲ್ಲದೆ ಯಾರನ್ನೂ ಅಂದವರಲ್ಲ.

“ಇದೇನ್ ನಗೂ ಮಾತಲ್ರಿ” ಎಂದು ನನಗೆ ಅಂದು, ನಾಗಮ್ಮನ ಕಡೆ ತಿರುಗಿದರು. “ಅವ್ವಾ, ಸತ್ತವರ ಪುಸ್ತಕ ಹೊರಗ ಉಳೀಬಾರದು. ನಾಳೆ ಯಾರರ ಕದ್ದು ಅದನ್ನ ತೋರ್ಸಿ ಕಾಡತೂಸು ತಂದು ಎಲ್ಲರ ಗುಂಡು ಹಾರ್ಸಿದ್ರ ಯಾರ ಹೊಣಿ? ಪುಸ್ತಕ ಜಮಾ ಆಗ್ದ ಮಾರಾಟ ಇಲ್ಲ.”

ನಾಗಮ್ಮ ಎದ್ದು ಕೈ ಮುಗಿದು ಹೊರಟುಹೋದಳು. ಬಂದೂಕು ಮತ್ತೆ ಠಾಣೆಗೆ ಹೋಯಿತು.

ಬರುವ ವಾರ ತಂದಾಳು ಅಂದುಕೊಂಡೆ. ತರಲಿಲ್ಲ. ಮುಂದಿನ ವಾರವೂ ಇಲ್ಲ. ಒಂದು ದಿನ ಖಾಜಾಸಾಬ್ ಒಬ್ಬನೇ ಬಂದು ನನ್ನ ಟೇಬಲ್ಲಿನ ಎದುರು ಟೋಪಿ ತೆಗೆದು ತಿರುವುತ್ತ ಕುಳಿತ. ಅವನಿಗೆ ಬಂದೂಕು ಕೊಳ್ಳಲು ಕೊಟ್ಟ ಅವಧಿ ಮುಗಿಯುತ್ತ ಬಂದಿತ್ತು. ಹಂದಿಗಳು ಶೇಂಗಾ ಹೊಲ ಅಗೆದು ಹಾಕಿದ್ದವು, ಅವನದೂ ನಾಗಮ್ಮನದೂ.

“ನೀವರ ಕೇಳಬಾರದೇನ್ರಿ ಆಕೀನ?” ಎಂದೆ.

“ನಾ ಹೆಂಗ ಕೇಳ್ಲಿ ಅಕ್ಕೋರ? ಮಾಣಿಕಣ್ಣ ನನಗ ಖಾಸಾ ಅಣ್ಣ ಇದ್ದಂಗ. ವೈನಿ ಬಾಗಲದಾಗ ನಿಂತು ಹಗ್ಗ ಕೊಡ್ರಿ ಅಂದ್ರ ಮನಿ ಮುರದಂಗ ಆಗ್ತದ. ಹಂದಿ ತಿಂದ್ರ ತಿನ್ಲಿ, ನಾ ಕೇಳಂಗಿಲ್ಲ.”

ನನಗೆ ಮಾತ್ರ ಕೆಟ್ಟ ಯೋಚನೆ ಬರತೊಡಗಿತು. ಇವನ ಅವಧಿ ಮುಗಿದರೆ ಮಾರಾಟ ಬಿದ್ದುಹೋಗುತ್ತದೆ. ಬೇರೆ ಗಿರಾಕಿ ಹುಡುಕಲು ಆ ಮುದುಕಿಗೆ ಆಗುವುದಿಲ್ಲ. ವಾರಸುದಾರರು ವಿಲೇವಾರಿ ಮಾಡದ ಬಂದೂಕು ಕಡೆಗೆ ಸರ್ಕಾರಕ್ಕೆ ಸೇರುತ್ತದೆ. ಪುಸ್ತಕವನ್ನೂ ಆಗ ಕೇಳಿ ಪಡೆಯುವುದಿಲ್ಲ, ಮನೆಗೆ ಬಂದು ಒಯ್ಯುತ್ತಾರೆ. ಬರುವ ಭಾನುವಾರ ನಾನೇ ಬರುತ್ತೇನೆ ಎಂದು ಹೇಳಿ ಕಳಿಸಿದೆ.

ಬಸ್ಸಿಳಿದಲ್ಲಿ ಖಾಜಾಸಾಬ್ ಬಂಡಿ ಕಟ್ಟಿಕೊಂಡು ನಿಂತಿದ್ದ. ಅವನು ಹೊರಗಿನ ಕಟ್ಟೆಯ ಮೇಲೆಯೇ ಕುಳಿತ. ನಾನು ಒಳಗೆ ಹೋದೆ. ಹೆಂಗಸಾಗಿ ಆ ಟೇಬಲ್ಲಿನಲ್ಲಿ ಕುಳಿತದ್ದರ ಒಂದೇ ಲಾಭ ಅದು. ಅಡಿಗೆಮನೆಯವರೆಗೂ ನನಗೆ ದಾರಿ ಇತ್ತು. ನಾಗಮ್ಮ ರೊಟ್ಟಿ ಬಡಿಯುತ್ತಿದ್ದಳು. ನನಗೂ ಒಂದು ಬಿಸಿ ರೊಟ್ಟಿ, ಪುಂಡಿಪಲ್ಲೆ ಹಾಕಿ ಕೊಟ್ಟು, ನಾನು ತಿಂದು ಮುಗಿಸುವವರೆಗೆ ಬಂದೂಕಿನ ಮಾತೆತ್ತಲು ಬಿಡಲಿಲ್ಲ. ಆಮೇಲೆ ತಾನೇ ಎದ್ದು ಟ್ರಂಕಿನಿಂದ ಒಂದು ಗಂಟು ತಂದಳು. ಗಂಡನ ಬಿಳಿ ರುಮಾಲು. ಅದರ ಮಡಿಕೆಯೊಳಗೆ ಲೈಸೆನ್ಸಿನ ಪುಸ್ತಕ.

“ಹಗ್ಗದ ಮಾತು ಖರೇನರಿ. ಆದ್ರ ಅದೊಂದಽ ಅಲ್ಲ.” ಪುಸ್ತಕ ತೆರೆದು ನನ್ನ ತೊಡೆಯ ಮೇಲಿಟ್ಟಳು. “ಇದ ನೋಡ್ರಿ.”

ಮೊದಲ ಪುಟದಲ್ಲಿ ಹೆಬ್ಬೆರಳಿನ ಉದ್ದದ ಫೋಟೋ. ರುಮಾಲು ಸುತ್ತಿದ ಒಬ್ಬ ಮನುಷ್ಯ, ಎದುರು ನೋಡುತ್ತಿದ್ದಾನೆ. ಆದರೆ ಮೈಸೂರು ರಾಜ್ಯದ ದುಂಡು ಮೊಹರು ಫೋಟೋದ ಅಂಚಿಗೆ ಬೀಳುವ ಬದಲು ನೇರ ಮುಖದ ಮೇಲೆ ಬಿದ್ದಿತ್ತು. ಒಂದು ಕಡೆಯ ಕೆನ್ನೆ, ಕಣ್ಣು, ಅರ್ಧ ಮೀಸೆ ನೇರಳೆ ಮಸಿಯಲ್ಲಿ ಮುಳುಗಿದ್ದವು. ಯಾವ ಕಚೇರಿಯ ಯಾವ ಗುಮಾಸ್ತರ ಕೈ ಅದು ಎಂದು ಮೊದಲೇ ಹೇಳಿದಂತೆ ಹೇಳುವುದಿಲ್ಲ. ಮಧ್ಯಾಹ್ನದ ಊಟದ ಅವಸರದಲ್ಲಿದ್ದರೋ ಏನೋ.

“ಇವರದು ಇದೊಂದಽ ಅದರಿ. ನಮ್ಮ ಲಗ್ನದಾಗ ಫೋಟೋ ತಗಸೋದು ಎಲ್ಲಿತ್ತು? ಬಂದೂಕಿಗಿ ಫೋಟೋ ಬೇಕು ಅಂತ ಸರ್ಕಾರ ಬೇಡ್ತು, ಅದಕ್ಕ ತಗಸಿದ್ದು. ಬಂದೂಕ ಇಲ್ಲಂದಿದ್ರ ಇದೂ ಇರ್ತಿದ್ದಿಲ್ಲ.” ನಾಗಮ್ಮ ಮೊಹರಿನ ಮೇಲೆ ಬೆರಳಿಟ್ಟಳು. “ಅರ್ಧಾ ಮಾರಿ ಸರ್ಕಾರ ಒಯ್ದದ. ಉಳದರ್ಧಾ ನೀವು ಒಯ್ತೀರೇನ್ರಿ?”

ನನ್ನ ಕಣ್ಣು ತುಂಬಿದವು. ಯಾಕೆಂದು ಮರೆಮಾಚುವುದಿಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ಹೋದರು. ಅವರದೊಂದು ಫೋಟೋ ಇಲ್ಲ. ನಿನ್ನ ಮೂಗು ಅವರದೇ ಎಂದು ಅವ್ವ ಅನ್ನುತ್ತಿದ್ದಳು. ಕನ್ನಡಿಯಲ್ಲಿ ಮೂಗು ನೋಡಿಕೊಂಡು ಉಳಿದದ್ದನ್ನು ಊಹಿಸುತ್ತ ನಾನು ಬೆಳೆದವಳು. ಆ ಪುಸ್ತಕವನ್ನು ಜಮಾ ಮಾಡಿಸಿಕೊಂಡು ಕಟ್ಟಿನಲ್ಲಿ ಕಟ್ಟಿ ಗುಲಬರ್ಗಾಕ್ಕೆ ಕಳಿಸುವುದು ನನ್ನ ಕೈಯಿಂದ ಆಗುತ್ತಿರಲಿಲ್ಲ. ಜಮಾ ಮಾಡಿಸಿಕೊಳ್ಳದೆ ಬಿಡುವುದೂ ಆಗುತ್ತಿರಲಿಲ್ಲ.

“ಫೋಟೋದ ಮ್ಯಾಲಿಂದ ಇನ್ನೊಂದು ಫೋಟೋ ತಗೀತಾರ ಯವ್ವಾ. ದೊಡ್ಡದಾಗಿ. ಗ್ವಾಡಿಗಿ ಹಾಕ್ಬಹುದು.”

“ಫೋಟೋಕ್ಕ ಫೋಟೋ ಹುಟ್ತದೇನ್ರಿ?”

“ಹುಟ್ತದ. ಆದ್ರ ಸಾಹೇಬರು ಹ್ಞೂಂ ಅನಬೇಕು. ಅವರು ಅಂದ ಮ್ಯಾಲ ನಿಮಗ ಹೇಳಿ ಕಳಸ್ತೀನಿ. ಅಲ್ಲೀತನ ಪುಸ್ತಕ ನಿಮ್ಮ ಟ್ರಂಕಿನ್ಯಾಗಽ ಇರ್ಲಿ, ಯಾರ ಕೈಯಾಗೂ ಕೊಡಬ್ಯಾಡ್ರಿ.”

ಮರುದಿನ ಸೋಮವಾರ ಕಚೇರಿಗೆ ಹೋದವಳು ಮೊದಲು ಮಾಡಿದ ಕೆಲಸ, ಮೊಹರಿನ ಡಬ್ಬಿ ತೆಗೆದು ಒಂದು ಖಾಲಿ ಕಾಗದದ ಮೇಲೆ ಒತ್ತಿ ಒತ್ತಿ ನೋಡಿದ್ದು. ಮೊಹರಿನ ಹಿಡಿಕೆಯ ಮೇಲೆ, ಎತ್ತ ಕಡೆ ಮೇಲೆಂದು ಚಾಕುವಿನಿಂದ ಒಂದು ಗೆರೆ ಕೊರೆದೆ. ಅಲ್ಲಿಂದ ನಿವೃತ್ತಿಯವರೆಗೆ ನನ್ನ ಕೈಯ ಮೊಹರು ಭುಜದ ಮೂಲೆಗೆ ಬಿತ್ತೇ ಹೊರತು ಯಾರ ಮುಖಕ್ಕೂ ಬೀಳಲಿಲ್ಲ. ಹೊಸಬರೇ, ಫೋಟೋದ ಮೂಲೆ ಮತ್ತು ಕಾಗದ ಎರಡಕ್ಕೂ ತಾಕಿದರೆ ಸಾಕು, ಕಾಯಿದೆ ಕೇಳುವುದು ಅಷ್ಟೇ. ಮುಖವನ್ನು ಅವರ ಮನೆಯವರಿಗೆ ಬಿಡಿ.

ಸಾಹೇಬರ ಮುಂದೆ ನಿಂತು ವಿಷಯವನ್ನೆಲ್ಲ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

“ಹಿಂಗ ಮಾಡಬಹುದು ಅಂತ ನಿಯಮದಾಗ ಎಲ್ಲದರಿ?”

“ಎಲ್ಲೂ ಇಲ್ರಿ ಸಾಹೇಬ್ರ. ಮಾಡಬಾರದು ಅಂತನೂ ಎಲ್ಲೂ ಇಲ್ಲ.”

ಬೈಗುಳಕ್ಕೆ ನಾನು ತಯಾರಾದೆ.

“ಪುಸ್ತಕ ಕಚೇರಿಗಿ ಬಂದ ಮ್ಯಾಲ ಕಂಪೌಂಡ ದಾಟಿ ಹೊರಗ ಹೋಗಬಾರದು” ಎಂದರು ಕಡೆಗೆ. “ಫೋಟೋದವನಽ ಇಲ್ಲಿ ಬರ್ಲಿ.”

ವಾಡಿ ಸ್ಟೇಷನ್ ಹತ್ತಿರ ಪ್ರಹ್ಲಾದ ಎಂಬವನ ಸ್ಟುಡಿಯೋ ಇತ್ತು. ಮದುವೆ, ನಾಮಕರಣ, ಹೆಣ, ಯಾವುದನ್ನೂ ಬಿಡದೆ ಫೋಟೋ ಹಿಡಿಯುತ್ತಿದ್ದ. ಹೇಳಿ ಕಳಿಸಿದೆ. ಖಾಜಾಸಾಬನ ಅವಧಿ ತೀರಲು ಇನ್ನೆರಡು ದಿನ ಉಳಿದಿರುವಾಗ ಪ್ರಹ್ಲಾದ ಮೂರು ಕಾಲಿನ ಸ್ಟ್ಯಾಂಡು, ಕರೀ ಬಟ್ಟೆಯ ಕ್ಯಾಮರಾ ಹೊತ್ತು ಬಸ್ಸಿಳಿದ. ನಾಗಮ್ಮ ರುಮಾಲಿನ ಗಂಟು ಎದೆಗವಚಿಕೊಂಡು ಬಂದಳು.

ಬೆಳಕು ಬೇಕೆಂದು ಅಂಗಳದಲ್ಲಿ ಕುರ್ಚಿ ಹಾಕಿ, ಅದರ ಬೆನ್ನಿಗೆ ಪುಸ್ತಕವನ್ನು ತೆರೆದು ಒರಗಿಸಿದೆವು. ಗಾಳಿಗೆ ಪುಟ ನಿಲ್ಲಲೊಲ್ಲದು. ಕಲ್ಲಿಟ್ಟರೆ ಫೋಟೋದ ಮೇಲೆ ನೆರಳು ಬೀಳುತ್ತಿತ್ತು. ಪ್ರಹ್ಲಾದ ಕರೀ ಬಟ್ಟೆಯೊಳಗಿಂದ ಗೊಣಗುತ್ತಿದ್ದ. ಅಷ್ಟರಲ್ಲಿ ಸಾಹೇಬರು ಮೆಟ್ಟಿಲಿಳಿದು ಬಂದರು. ಕುರ್ಚಿಯ ಹಿಂದೆ ಮೊಣಕಾಲೂರಿ ಕುಳಿತು, ಎರಡೂ ಕಡೆಯಿಂದ ಪುಟದ ಅಂಚನ್ನು ಬೆರಳ ತುದಿಯಲ್ಲಿ ಹಿಡಿದರು. ಬಿಸಿಲಿಗೆ ಅವರ ಹಣೆ ಬೆವರುತ್ತಿತ್ತು. ಪ್ರಹ್ಲಾದ ‘ಅಲುಗಬ್ಯಾಡ್ರಿ’ ಎಂದು ಗದರಿದಾಗ, ತಾಲೂಕಿಗೆಲ್ಲ ಗದರುವ ಮನುಷ್ಯ ಉಸಿರು ಬಿಗಿಹಿಡಿದರು. ನನಗೆ ಆ ಅಧಿಕಾರಿಯ ಮೇಲೆ ಅಂದು ಹುಟ್ಟಿದ ಗೌರವ ಇಂದಿಗೂ ಕಡಿಮೆಯಾಗಿಲ್ಲ.

ಆಮೇಲೆ ಎಲ್ಲ ಕ್ರಮದಂತೆ ನಡೆಯಿತು. ನಾಗಮ್ಮ ಹೆಬ್ಬೆಟ್ಟು ಒತ್ತಿದಳು. ಕಬ್ಬಿಣ ನೋಡಿ ನಂಬರು ಗಟ್ಟಿಯಾಗಿ ಓದಿದೆ, ಖಾಜಾಸಾಬನ ಪುಸ್ತಕಕ್ಕೆ ಹಚ್ಚಿದೆ, ಸಾಹೇಬರು ಸಹಿ ಹಾಕಿದರು. ಮಾಣಿಕಪ್ಪನ ಪುಸ್ತಕದ ಮೇಲೆ ‘ರದ್ದು’ ಎಂಬ ಮೊಹರು ಹಾಕುವಾಗ ಪುಟ ತಿರುವಿ, ಫೋಟೋ ಇಲ್ಲದ ಕಡೆ ಹಾಕಿದೆ. ನಾಗಮ್ಮ ಆಗ ಗೋಡೆಯ ಕಡೆ ಮುಖ ಮಾಡಿದ್ದಳು. ಖಾಜಾಸಾಬ್ ಬಂದೂಕನ್ನು ಕಣ್ಣಿಗೊತ್ತಿಕೊಂಡ.

“ವೈನಿ, ಒಯ್ಲೇನು?”

“ಒಯ್ಯಪ್ಪಾ. ನಮ್ಮ ಹೊಲಾನೂ ಕಾಯಿ” ಎಂದಳು. ಧ್ವನಿ ಗಟ್ಟಿಯಾಗಿಯೇ ಇತ್ತು. ಕೈ ಮಾತ್ರ ಖಾಲಿ ರುಮಾಲನ್ನು ಮಡಚುತ್ತಲೇ ಇತ್ತು.

ಕೆಲವು ವಾರದ ಮೇಲೆ ಪ್ರಹ್ಲಾದ ಫೋಟೋ ತಂದ. ಚೌಕಟ್ಟು ಹಾಕಿ, ಕಾಗದ ಸುತ್ತಿ, ಮೇಲೆ ದಾರ ಕಟ್ಟಿದ್ದ. ನಾಗಮ್ಮನಿಗೆ ಹೇಳಿ ಕಳಿಸಿದೆವು. ಖಾಜಾಸಾಬ್ ಕರೆದುಕೊಂಡು ಬಂದ. ಕಚೇರಿಯ ಪಡಸಾಲೆಯಲ್ಲಿ ನಾವೆಲ್ಲ ಸುತ್ತ ನಿಂತೆವು. ಸಾಹೇಬರು ಒಳಗೇ ಕುಳಿತಿದ್ದರು, ಆದರೆ ಬಾಗಿಲು ತೆರೆಸಿದ್ದರು.

“ಮೊಹರದ ಗುರುತಽ ಉಳಿಯದಂಗ ಮಾಡೀನ್ರಿ” ಎಂದು ಪ್ರಹ್ಲಾದ ಹೆಮ್ಮೆಯಿಂದ ದಾರ ಬಿಚ್ಚಿದ. “ಒಂದು ಕಡಿ ಮಾರಿ ಸಾಫ್ ಇತ್ತಲ್ರಿ, ಅದನ್ನ ನೋಡಿ ಈ ಕಡಿ ಕೈಲೆ ಬರದೀನಿ. ಮೀಸಿ, ಕಣ್ಣು, ಎಲ್ಲಾ.”

ಮಸಿಯಡಿ ಮುಳುಗಿದ್ದ ಮನುಷ್ಯ ತುಂಬಿದ ಮುಖ ಹೊತ್ತು ಕುಳಿತಿದ್ದ. ನಾಗಮ್ಮ ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಪ್ರಹ್ಲಾದ ಬರೆದ ಅರ್ಧದ ಮೇಲೆ ಅಂಗೈ ಮುಚ್ಚಿ ನೋಡಿದಳು. ಕೈ ತೆಗೆದಳು. ತಲೆ ಅಲ್ಲಾಡಿಸಿದಳು.

“ಈ ಕಣ್ಣ ಅವರದಲ್ಲ.”

ಪ್ರಹ್ಲಾದನ ಮುಖ ಇಳಿಯಿತು. ಮೂಲ ಪುಸ್ತಕ ಗುಲಬರ್ಗಾಕ್ಕೆ ಹೋಗಿಬಿಟ್ಟಿತ್ತು. ಇನ್ನು ಅದನ್ನು ತರುವ ಮಾತೇ ಇರಲಿಲ್ಲ.

“ಅವರದು ಈ ಕಡೀದು ಸಣ್ಣ ಕಣ್ಣ ಇತ್ತು” ಎಂದಳು ನಾಗಮ್ಮ, ಫೋಟೋದಿಂದ ದೃಷ್ಟಿ ತೆಗೆಯದೆ. “ಗುರಿ ಹಿಡದು ಹಿಡದು ರೂಢಿ ಆಗಿತ್ತೋ ಏನೋ, ಅರ್ಧಾ ಮುಚ್ಚೇ ಇರ್ತಿತ್ತು. ನನ್ನ ನೋಡೋ ಮುಂದೂ ಹಂಗಽ. ಹಂದಿ ನೋಡ್ದಂಗ.”

ಖಾಜಾಸಾಬ್ ಮೊದಲು ನಕ್ಕ. “ಖರೇ, ಖರೇ. ಮಾಣಿಕಣ್ಣ ಹಂಗಽ ನೋಡ್ತಿದ್ದ” ಎಂದು ನಗುತ್ತ ನಗುತ್ತ ಕಣ್ಣೊರೆಸಿಕೊಂಡ.

“ಅವ್ವಾ, ಕೊಡ್ರಿ ಇಲ್ಲಿ. ಕಣ್ಣ ಸಣ್ಣ ಮಾಡಿ ತರ್ತೀನಿ. ನಾಕ್ ದಿನದ ಕೆಲಸ” ಎಂದು ಪ್ರಹ್ಲಾದ ಕೈ ಚಾಚಿದ.

ನಾಗಮ್ಮ ಚೌಕಟ್ಟನ್ನು ತನ್ನ ಕಡೆ ಎಳೆದುಕೊಂಡಳು.

“ಬ್ಯಾಡೋ ಯಪ್ಪಾ, ಇರ್ಲಿ. ಇಷ್ಟು ವರ್ಷಕ್ಕ ಈಗರ ಎರಡೂ ಕಣ್ಲೆ ನೋಡಾಕತ್ತಾರ.”

ಹಾಗೆ ಅಂದವಳು, ನಾವೆಲ್ಲ ಸುತ್ತ ನಿಂತಿದ್ದೇವೆ ಎಂಬುದನ್ನೂ ಮರೆತು, ಗಂಡನೇ ಎದುರು ಕುಳಿತು ನೋಡುತ್ತಿರುವಂತೆ, ಜಾರಿದ್ದ ಸೆರಗನ್ನು ಹಣೆಯವರೆಗೆ ಎಳೆದು ಸರಿಮಾಡಿಕೊಂಡಳು.